ಪಂಚೆಯ ಉದ್ದ: ಆಯ್ಕೆ, ಅಳತೆ ಮತ್ತು ರೂಢಿ

ಮಂಡ್ಯ: ಪ್ಯಾಂಟಿನ ಉದ್ದವನ್ನು ದರ್ಜಿ ನಿರ್ಧರಿಸುತ್ತಾನೆ, ಪಂಚೆಯ ಉದ್ದವನ್ನು ಉಟ್ಟವನೇ ನಿರ್ಧರಿಸುತ್ತಾನೆ. ಅದೂ ದಿನಕ್ಕೆ ಒಂದು ಸಲವಲ್ಲ. ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಮಂಡಿಗಿಂತ ಮೇಲಿದ್ದ ಅಂಚು, ಮಧ್ಯಾಹ್ನ ತಾಲ್ಲೂಕು ಕಚೇರಿಯ ಮುಂದೆ ಪಾದದವರೆಗೆ ಇಳಿದಿರುತ್ತದೆ. ಸಂಜೆ ಮನೆಯ ಜಗಲಿಯಲ್ಲಿ ಮತ್ತೆ ಮೊಣಕಾಲಿನ ಮಟ್ಟಕ್ಕೆ ಬಂದಿರುತ್ತದೆ. ಬಟ್ಟೆ ಒಂದೇ, ಉದ್ದ ಮಾತ್ರ ಬೇರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಒಂದು ತಲೆಮಾರಿನ ಹಿಂದಿನವರೆಗೆ ಈ ವಿದ್ಯೆಯನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಅಪ್ಪ, ತಾತ, ಚಿಕ್ಕಪ್ಪಂದಿರನ್ನು ನೋಡಿಯೇ ಹುಡುಗರು ಕಲಿಯುತ್ತಿದ್ದರು. ಇಂದು ಮದುವೆಯ ದಿನವೇ ಮೊದಲ ಸಲ ಪಂಚೆ ಉಡುವ ವರನೂ ಇದ್ದಾನೆ. ದಿನನಿತ್ಯ ಪಂಚೆ ಉಟ್ಟೇ ಎಂಬತ್ತು ವರ್ಷ ದಾಟಿ, ಈಗ ಅದರ ಚುಂಗನ್ನು ತುಳಿದು ಎಡವುವ ಹಿರಿಯರೂ ಇದ್ದಾರೆ. ಇಬ್ಬರಿಗೂ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ.

ಹೆಸರು ಮತ್ತು ಬಗೆ

ಸೊಂಟಕ್ಕೆ ಸುತ್ತುವ, ಹೊಲಿಗೆಯಿಲ್ಲದ ಬಿಳಿಯ ಬಟ್ಟೆಗೆ ಈ ಭಾಗದಲ್ಲಿ ಪಂಚೆ ಎಂಬುದೇ ಸಾಮಾನ್ಯ ಹೆಸರು. ಉಡುವ ಕ್ರಮವನ್ನು ಅನುಸರಿಸಿ ಅದರಲ್ಲಿ ಎರಡು ಮುಖ್ಯ ಬಗೆಗಳಿವೆ. ಕಾಲುಗಳ ನಡುವೆ ಹಾಯಿಸದೆ ಸೊಂಟದ ಸುತ್ತ ಸುತ್ತಿ ಸಿಕ್ಕಿಸುವುದು ಅಡ್ಡಪಂಚೆ. ನೆರಿಗೆ ಹಿಡಿದು ಕಾಲುಗಳ ನಡುವೆ ತೆಗೆದು ಹಿಂದಕ್ಕೆ ಸಿಕ್ಕಿಸುವುದು ಕಚ್ಚೆಪಂಚೆ. ಬಣ್ಣದ ಅಥವಾ ಚೌಕಳಿಯ ಬಟ್ಟೆಯ ಎರಡು ತುದಿಗಳನ್ನು ಸೇರಿಸಿ ಚೀಲದಂತೆ ಹೊಲಿದದ್ದು ಲುಂಗಿ. ಹೊಲಿಯದ ಲುಂಗಿಯೂ ಬಳಕೆಯಲ್ಲಿದೆ. ಲುಂಗಿ ಮನೆಗೆ ಮತ್ತು ಕೆಲಸಕ್ಕೆ, ಪಂಚೆ ಊರಿಗೆ ಮತ್ತು ಸಮಾರಂಭಕ್ಕೆ ಎಂಬ ವಿಂಗಡಣೆಯನ್ನು ಹಳ್ಳಿಗಳಲ್ಲಿ ಈಗಲೂ ಕಾಣಬಹುದು.

ಇವುಗಳ ಜೊತೆಯಲ್ಲಿ ಹೇಳಲೇಬೇಕಾದದ್ದು ಪಟ್ಟಾಪಟ್ಟಿ ಚಡ್ಡಿ. ಗೆರೆಗೆರೆಯ ಬಟ್ಟೆಯಲ್ಲಿ ಹೊಲಿದ, ಜೇಬುಳ್ಳ, ಮಂಡಿಯ ಹತ್ತಿರಕ್ಕೆ ಬರುವ ಈ ಸಡಿಲ ಚಡ್ಡಿಯೇ ಪಂಚೆಯನ್ನು ಎಷ್ಟು ಬೇಕಾದರೂ ಮೇಲಕ್ಕೆ ಕಟ್ಟುವ ಧೈರ್ಯವನ್ನು ಮಂಡ್ಯ ಸೀಮೆಯ ರೈತನಿಗೆ ಕೊಟ್ಟಿದೆ. ಕೆಲಸ ಬಿರುಸಾದಾಗ ಪಂಚೆಯನ್ನು ಬಿಚ್ಚಿ ತಲೆಗೆ ಸುತ್ತಿ, ಚಡ್ಡಿಯಲ್ಲಿಯೇ ಗದ್ದೆಗಿಳಿಯುವುದೂ ಉಂಟು.

ಮೊಳ ಎಂದರೆ ಉದ್ದವೇ?

ಅಂಗಡಿಯಲ್ಲಿ ಪಂಚೆ ಕೇಳುವವರು ‘ನಾಲ್ಕು ಮೊಳದ್ದು’ ಅಥವಾ ‘ಎಂಟು ಮೊಳದ್ದು’ ಎಂದು ಕೇಳುತ್ತಾರೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆ. ವ್ಯವಹಾರದಲ್ಲಿ ಅದನ್ನು 18 ಅಂಗುಲ, ಅಂದರೆ ಸುಮಾರು 46 ಸೆಂ.ಮೀ. ಎಂದು ಹಿಡಿಯಲಾಗುತ್ತದೆ. ಎರಡು ಗೇಣು ಒಂದು ಮೊಳ, ಎರಡು ಮೊಳ ಒಂದು ಗಜ. ಈ ಲೆಕ್ಕದಲ್ಲಿ ನಾಲ್ಕು ಮೊಳ ಸುಮಾರು 1.83 ಮೀಟರ್ ಆಗುತ್ತದೆ. ಮಾರುಕಟ್ಟೆಯ ಸಿದ್ಧ ಪಂಚೆಗಳ ಚೀಟಿಯಲ್ಲಿ ಇದು ಹೆಚ್ಚಾಗಿ 2 ಮೀಟರ್ ಎಂದಿರುತ್ತದೆ. ಎಂಟು ಮೊಳದ ಪಂಚೆಗೆ ಸುಮಾರು 3.60 ಮೀಟರ್ ಎಂದಿರುತ್ತದೆ.

ಇಲ್ಲಿಯೇ ಹೊಸಬರು ತಪ್ಪುವುದು. ಮೊಳದ ಲೆಕ್ಕವು ಬಟ್ಟೆ ಸೊಂಟವನ್ನು ಎಷ್ಟು ಸುತ್ತು ಬರುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಕಾಲಿನ ಮೇಲೆ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನಲ್ಲ. ಎಂಟು ಮೊಳದ ಪಂಚೆ ನಾಲ್ಕು ಮೊಳದ ಪಂಚೆಗಿಂತ ಒಂದು ಅಂಗುಲವೂ ಕೆಳಗೆ ಬರಬೇಕಾಗಿಲ್ಲ. ಸೊಂಟದಿಂದ ಪಾದದವರೆಗಿನ ಇಳಿತವನ್ನು ನಿರ್ಧರಿಸುವುದು ಬಟ್ಟೆಯ ಅಗಲ. ನೇಕಾರರ ಮತ್ತು ಜವಳಿ ಅಂಗಡಿಯವರ ಮಾತಿನಲ್ಲಿ ಪನ್ನ. ಪಂಚೆಯ ಪನ್ನ ಸಾಮಾನ್ಯವಾಗಿ 45 ಅಂಗುಲದಿಂದ 54 ಅಂಗುಲದವರೆಗೆ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವುದು 50 ಅಂಗುಲದ್ದು, ಅಂದರೆ 127 ಸೆಂ.ಮೀ. ಆದ್ದರಿಂದ ಪಂಚೆ ಕೊಳ್ಳುವಾಗ ಮೊಳದ ಜೊತೆಗೆ ಪನ್ನವನ್ನೂ ಕೇಳಿ ತಿಳಿದುಕೊಳ್ಳಬೇಕು.

ಅಳತೆ ತೆಗೆಯುವ ಕ್ರಮ

ಪಂಚೆಯನ್ನು ಕಟ್ಟುವ ಜಾಗದಿಂದ, ಅಂದರೆ ಹೊಕ್ಕುಳಿನ ಮಟ್ಟದಿಂದ, ಕಾಲಿನ ಹರಡಿನವರೆಗೆ ದಾರವನ್ನು ಇಳಿಬಿಟ್ಟು ಅಳೆಯಬೇಕು. ಬಟ್ಟೆಯ ಪನ್ನದಲ್ಲಿ ಈ ಅಳತೆಯನ್ನು ಕಳೆದರೆ ಉಳಿಯುವುದೇ ಸೊಂಟದಲ್ಲಿ ಮಡಿಸಿ ಸುತ್ತಬೇಕಾದ ಭಾಗ. ನಾಲ್ಕು ಬೆರಳಗಲದ ಒಂದು ಮಡಿಕೆ ಸುಮಾರು 7 ಸೆಂ.ಮೀ. ಬಟ್ಟೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದನ್ನೇ ಮತ್ತೊಮ್ಮೆ ಹೊರಳಿಸಿದರೆ ಇನ್ನೂ 7 ಸೆಂ.ಮೀ. ಮೇಲಕ್ಕೆ ಬರುತ್ತದೆ.

ಉದಾಹರಣೆಗೆ, ಐದೂವರೆ ಅಡಿ ಎತ್ತರದವರಲ್ಲಿ ಹೊಕ್ಕುಳಿನಿಂದ ಹರಡಿನವರೆಗೆ 95 ಸೆಂ.ಮೀ. ಬಂದಿತೆಂದು ಇಟ್ಟುಕೊಳ್ಳೋಣ. 127 ಸೆಂ.ಮೀ. ಪನ್ನದ ಪಂಚೆಯಲ್ಲಿ 32 ಸೆಂ.ಮೀ. ಮಿಗುತ್ತದೆ. ನಾಲ್ಕು ಸುತ್ತು ಮಡಿಸಿದರೆ 28 ಸೆಂ.ಮೀ. ಕಳೆದು, ಅಂಚು ಹರಡಿಗಿಂತ 4 ಸೆಂ.ಮೀ. ಕೆಳಗೆ ನಿಲ್ಲುತ್ತದೆ. ಸಮಾರಂಭಕ್ಕೆ ಇದು ಸರಿಯಾದ ಇಳಿತ. ಆರು ಅಡಿ ಎತ್ತರದವರಲ್ಲಿ ಅಳತೆ 104 ಸೆಂ.ಮೀ. ಬಂದರೆ ಮೂರು ಸುತ್ತಿಗೆ ಹೆಚ್ಚುಕಡಿಮೆ ಅದೇ ಇಳಿತ ಸಿಗುತ್ತದೆ. ಐದಡಿಯವರಲ್ಲಿ ಅಳತೆ 85 ಸೆಂ.ಮೀ. ಬಂದರೆ ಆರು ಸುತ್ತು ಬೇಕಾಗಿ ಹೊಟ್ಟೆಯ ಮೇಲೆ ಬಟ್ಟೆಯ ಗಂಟೇ ಆಗುತ್ತದೆ. ಅಂಥವರು 45 ಅಂಗುಲ, ಅಂದರೆ 114 ಸೆಂ.ಮೀ. ಪನ್ನದ ಪಂಚೆಯನ್ನು ಹುಡುಕುವುದು ಲೇಸು. ನಾಲ್ಕೇ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ.

ಸುತ್ತಳತೆಯನ್ನೂ ನೋಡಬೇಕು. ನಾಲ್ಕು ಮೊಳದ ಪಂಚೆ ಸಾಧಾರಣ ಮೈಕಟ್ಟಿನವರಿಗೆ ಎರಡು ಸುತ್ತಿಗೆ ಸ್ವಲ್ಪ ಮೇಲಾಗಿ ಬರುತ್ತದೆ. ನಡೆಯುವಾಗ ಮುಂಭಾಗ ತೆರೆದುಕೊಳ್ಳದಿರಲು ಕನಿಷ್ಠ ಎರಡು ಸುತ್ತು ಬೇಕು. ಸ್ಥೂಲಕಾಯದವರಿಗೆ ನಾಲ್ಕು ಮೊಳ ಸಾಲದೆ ಬಂದಲ್ಲಿ ಎಂಟು ಮೊಳದ್ದನ್ನು ಕೊಳ್ಳಬೇಕಾಗುತ್ತದೆ. ತೆಳುವಾದ ಬಟ್ಟೆ ಪಾರದರ್ಶಕವಾಗಿ ಕಾಣುವುದನ್ನು ತಪ್ಪಿಸಲು, ಎಂಟು ಮೊಳದ ಪಂಚೆಯನ್ನು ಇಮ್ಮಡಿಯಾಗಿ ಮಡಿಸಿ ಅಡ್ಡಪಂಚೆಯಾಗಿ ಉಡುವ ಪದ್ಧತಿಯೂ ಇದೆ.

ಹೊಸ ಹತ್ತಿಯ ಬಟ್ಟೆ ಮೊದಲ ಒಗೆತಕ್ಕೆ ಎರಡೂ ಕಡೆಯಿಂದ ಕುಗ್ಗುತ್ತದೆ. 127 ಸೆಂ.ಮೀ. ಪನ್ನ ನೂರಕ್ಕೆ ಮೂರರಷ್ಟು ಕುಗ್ಗಿದರೂ ಸುಮಾರು 4 ಸೆಂ.ಮೀ. ಕಡಿಮೆಯಾಗುತ್ತದೆ. ಆದುದರಿಂದ ಅಳತೆಗೆ ತೀರ ಸರಿಯಾಗಿ ಕೊಳ್ಳದೆ, ಒಂದು ಮಡಿಕೆಯಷ್ಟು ಹೆಚ್ಚೇ ಇರುವಂತೆ ನೋಡಿಕೊಳ್ಳಬೇಕು.

ಮೂರು ಎತ್ತರಗಳು

ಅಡ್ಡಪಂಚೆಯಲ್ಲಿ ಬಳಕೆಯಲ್ಲಿರುವ ಎತ್ತರಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು, ಹರಡನ್ನು ಮುಚ್ಚುವ ಪೂರ್ಣ ಇಳಿತ. ದೇವಾಲಯ, ಮದುವೆ, ಸಭೆ, ಕಚೇರಿ, ನ್ಯಾಯಪಂಚಾಯಿತಿ ಇವುಗಳಿಗೆ ಇದೇ ರೂಢಿ. ಅಂಚು ನೆಲಕ್ಕೆ ತಾಗಬಾರದು. ಚಪ್ಪಲಿಯ ಹಿಮ್ಮಡಿಗೆ ಸಿಕ್ಕಬಾರದು. ಚಪ್ಪಲಿ ಹಾಕಿದಾಗ ಸರಿಯಾಗಿದ್ದ ಇಳಿತ, ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಒಂದೆರಡು ಸೆಂ.ಮೀ. ಕೆಳಗಾಗುತ್ತದೆ ಎಂಬುದನ್ನು ಮರೆಯಬಾರದು.

ಎರಡನೆಯದು, ಮೀನಖಂಡದ ಮಧ್ಯದವರೆಗಿನ ಇಳಿತ. ಸೊಂಟದಲ್ಲಿ ಎರಡು ಸುತ್ತು ಹೆಚ್ಚಾಗಿ ಮಡಿಸಿದರೆ ಈ ಎತ್ತರ ಬರುತ್ತದೆ. ಸಂತೆ, ಡೇರಿ, ಬಸ್ ಪ್ರಯಾಣ, ಮಳೆಗಾಲದ ಕೆಸರು ದಾರಿ ಇವುಗಳಿಗೆ ಇದು ಅನುಕೂಲ. ಕಾಲು ಬಿಡುವಾಗಿ ಆಡುತ್ತದೆ, ನೋಡುವವರಿಗೂ ಅಸಭ್ಯವೆನಿಸುವುದಿಲ್ಲ.

ಮೂರನೆಯದು, ಎತ್ತಿ ಕಟ್ಟಿದ ಪಂಚೆ. ಕೆಳ ಅಂಚನ್ನು ಎರಡೂ ಕೈಗಳಿಂದ ಹಿಡಿದು ಸೊಂಟದವರೆಗೆ ತಂದು, ಎರಡು ತುದಿಗಳನ್ನು ಮುಂದೆ ಒಂದರ ಮೇಲೊಂದು ತಂದು ಸಿಕ್ಕಿಸುವುದು ಅಥವಾ ಸಡಿಲವಾಗಿ ಗಂಟು ಹಾಕುವುದು ಇದರ ಕ್ರಮ. ಬಟ್ಟೆ ಇಮ್ಮಡಿಯಾಗುವುದರಿಂದ ಇಳಿತ ಅರ್ಧಕ್ಕೆ ಬರುತ್ತದೆ. ಮಂಡಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಒಂದು ಎಳೆತಕ್ಕೆ ಬಿಚ್ಚಿ ಕೆಳಗಿಳಿಯುವಂತಿರಬೇಕು ಎಂಬುದೇ ಈ ಕಟ್ಟಿನ ಗುಟ್ಟು. ಬಿಗಿಯಾದ ಗಂಟು ಹಾಕಿಕೊಂಡವನನ್ನು ಪಂಚೆ ಉಡಲು ಬಾರದವನೆಂದೇ ಹಳಬರು ತಿಳಿಯುತ್ತಾರೆ.

ಇಳಿಬಿಡುವ ಮರ್ಯಾದೆ

ಬಿಚ್ಚಲು ಸುಲಭವಾಗಿರಬೇಕೆಂಬುದಕ್ಕೆ ಕಾರಣವಿದೆ. ಹಿರಿಯರು, ಗುರುಗಳು, ನೆಂಟರು ಎದುರಾದಾಗ, ಹೆಂಗಸರು ನೆರೆದಿರುವ ಕಡೆ, ಶವಯಾತ್ರೆ ಹಾದುಹೋಗುವಾಗ, ದೇವಾಲಯದ ಬಾಗಿಲಲ್ಲಿ ಎತ್ತಿ ಕಟ್ಟಿದ ಪಂಚೆಯನ್ನು ಇಳಿಬಿಡುವುದು ಹಳೆಯ ಮೈಸೂರು ಸೀಮೆಯ ಸಾಮಾನ್ಯ ಶಿಷ್ಟಾಚಾರ. ಕೈಮುಗಿಯುವ ಮೊದಲೇ ಕೈ ಸೊಂಟಕ್ಕೆ ಹೋಗಿರುತ್ತದೆ. ಮರೆತ ಹುಡುಗನಿಗೆ ‘ಪಂಚೆ ಇಳುಸ್ಲಾ’ ಎಂಬ ಗದರಿಕೆ ಬೀಳುತ್ತದೆ. ಹಾಗೆಯೇ ಜಗಳದಲ್ಲಿ ಎದುರಾಳಿಯ ಮುಂದೆ ಪಂಚೆಯನ್ನು ಎತ್ತಿ ಕಟ್ಟುವುದು ಮಾತಿಲ್ಲದೆಯೇ ಹಾಕಿದ ಸವಾಲು. ನೆರೆಯ ಕೇರಳದಲ್ಲಿ ಮುಂಡು ಉಡುವವರಲ್ಲಿಯೂ ಇಂಥದೇ ಪದ್ಧತಿಯಿದೆ.

ಈ ಶಿಷ್ಟಾಚಾರಕ್ಕೆ ಮತ್ತೊಂದು ಮುಖವೂ ಇದೆ. ಯಾರ ಮುಂದೆ ಯಾರು ಇಳಿಬಿಡಬೇಕು ಎಂಬ ಪ್ರಶ್ನೆ ವಯಸ್ಸಿಗೆ ಸೀಮಿತವಾಗಿದ್ದಾಗ ಅದು ಗೌರವ. ಜಾತಿಗೆ ಅಂಟಿಕೊಂಡಾಗ ಅದು ದಬ್ಬಾಳಿಕೆ. ತಮಿಳುನಾಡಿನ ರಾಮನಾಥಪುರ ಸೀಮೆಯಲ್ಲಿ 1931ರಲ್ಲಿ ಪ್ರಬಲ ಜಾತಿಯವರು ದಲಿತರ ಮೇಲೆ ಹೇರಿದ ಹನ್ನೊಂದು ನಿಷೇಧಗಳಲ್ಲಿ, ಮಂಡಿಗಿಂತ ಕೆಳಗೆ ಬಟ್ಟೆ ಉಡಬಾರದು ಎಂಬುದೂ ಒಂದಾಗಿತ್ತು. ಭಾರತದ ಜಾತಿ ಪದ್ಧತಿಯನ್ನು ಕುರಿತು ಬರೆದ ಜೆ.ಎಚ್. ಹಟನ್ ಅವರು ಇದನ್ನು ದಾಖಲಿಸಿದ್ದಾರೆ. ಪಾದದವರೆಗೆ ಇಳಿದ ಬಿಳಿಯ ಪಂಚೆ ಅಲ್ಲಿ ಕೇವಲ ಉಡುಪಾಗಿರಲಿಲ್ಲ, ಹಕ್ಕಾಗಿತ್ತು.

ಇದಕ್ಕೆ ವ್ಯತಿರಿಕ್ತವಾಗಿ, ಉದ್ದವನ್ನು ತಾವಾಗಿಯೇ ಕಡಿಮೆ ಮಾಡಿಕೊಂಡ ಪ್ರಸಂಗವೂ ಚರಿತ್ರೆಯಲ್ಲಿದೆ. 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಮಹಾತ್ಮ ಗಾಂಧಿಯವರು ತಮ್ಮ ಉಡುಪನ್ನು ತ್ಯಜಿಸಿ, ಮಂಡಿಯವರೆಗಿನ ತುಂಡು ಬಟ್ಟೆಯನ್ನು ಉಟ್ಟರು. ಪೂರ್ಣ ಉಡುಪಿಗೆ ಗತಿಯಿಲ್ಲದ ರೈತನ ಉದ್ದವನ್ನೇ ಅವರು ತಮ್ಮದಾಗಿಸಿಕೊಂಡರು. ಒಬ್ಬರ ಮೇಲೆ ಹೇರಿದ ಉದ್ದವನ್ನು ಇನ್ನೊಬ್ಬರು ಆರಿಸಿಕೊಂಡರು. ಅಳತೆ ಒಂದೇ ಆದರೂ ಅರ್ಥ ಒಂದಲ್ಲ.

ನೆಲಕ್ಕೆ ತಕ್ಕ ಎತ್ತರ

ನಾಲ್ಕು ತಾಲ್ಲೂಕುಗಳ ಬೇಸಾಯ ಒಂದೇ ತೆರನಲ್ಲ. ಆದ್ದರಿಂದ ಪಂಚೆ ಕಟ್ಟುವ ಎತ್ತರವೂ ಕೆಲಸಕ್ಕೆ ತಕ್ಕಂತೆ ಬೇರೆಯಾಗುತ್ತದೆ.

1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ 1930ರ ದಶಕದ ಆರಂಭದಲ್ಲಿ ಮುಗಿದು ನಾಲೆಗಳಲ್ಲಿ ನೀರು ಹರಿದ ಮೇಲೆ ಭತ್ತ ಮತ್ತು ಕಬ್ಬು ಈ ಸೀಮೆಯ ಮುಖ್ಯ ಬೆಳೆಗಳಾದವು. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನೀರಾವರಿ ಊರುಗಳಲ್ಲಿ ನಾಟಿಯ ಕಾಲಕ್ಕೆ ಕೆಸರು ಮೀನಖಂಡ ಮುಟ್ಟುತ್ತದೆ. ಅಲ್ಲಿ ಎತ್ತಿ ಕಟ್ಟಿದ ಪಂಚೆಯೂ ಸಾಲದು. ಅದನ್ನು ಕಚ್ಚೆಯಾಗಿ ಬಿಗಿದು ತೊಡೆಯ ಮಟ್ಟಕ್ಕೆ ತರುವುದು ಅಥವಾ ಚಡ್ಡಿಯಲ್ಲಿ ಇಳಿಯುವುದು ವಾಡಿಕೆ.

ಕಬ್ಬಿನ ಗದ್ದೆಯ ಲೆಕ್ಕವೇ ಬೇರೆ. ಕಬ್ಬಿನ ಗರಿಯ ಅಂಚು ಗರಗಸದಂತೆ. ಬರಿಗಾಲಿನ ಮೇಲೆ ಗೀರುಗಳನ್ನು ಎಳೆಯುತ್ತದೆ. ಕಟಾವಿಗೆ ಹೋಗುವವರಿಗೆ ಎತ್ತಿ ಕಟ್ಟಿದ ಪಂಚೆ ಚಲನೆಗೆ ಅನುಕೂಲವಾದರೂ ಚರ್ಮಕ್ಕೆ ಅನುಕೂಲವಲ್ಲ. ಹಳೆಯ ಪ್ಯಾಂಟನ್ನು ಒಳಗೆ ತೊಟ್ಟು ಮೇಲೆ ಲುಂಗಿ ಕಟ್ಟುವುದು ಇದಕ್ಕೆ ಕಂಡುಕೊಂಡಿರುವ ಪರಿಹಾರ.

ಆಲೆಮನೆಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗಾಣದ ಚಕ್ರ ಮತ್ತು ಪಟ್ಟಿಯ ಬಳಿ, ಕೊಪ್ಪರಿಗೆಯ ಒಲೆಯ ಬಾಯಲ್ಲಿ ಇಳಿಬಿದ್ದ ಚುಂಗು ಅಪಾಯಕ್ಕೆ ಆಹ್ವಾನ. ಇಲ್ಲಿ ಸಡಿಲವಾದ ಪಂಚೆ ಯಾವ ಎತ್ತರದಲ್ಲಿದ್ದರೂ ಸಲ್ಲದು. ಚಡ್ಡಿ ಅಥವಾ ಬಿಗಿಯಾದ ಕಚ್ಚೆಯೇ ಯೋಗ್ಯ.

ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ನಾಲೆಯ ನೀರು ಹರಿಯುವ ಊರುಗಳೂ ಇವೆ, ಮಳೆಯನ್ನೇ ನಂಬಿದ ಊರುಗಳೂ ಇವೆ. ನಾಗಮಂಗಲದ ಬಹುಭಾಗ ರಾಗಿ, ಹುರುಳಿ, ತೆಂಗುಗಳ ಒಣಭೂಮಿ. ಹೊಲದ ಕೆಲಸಕ್ಕೆ, ಕಣದಲ್ಲಿ ಒಕ್ಕಣೆಗೆ ಮಂಡಿಯ ಮಟ್ಟದ ಕಟ್ಟು ಸಾಕಾಗುತ್ತದೆ. ಕುರುಚಲು ಗಿಡಗಳ ನಡುವೆ ದನ, ಕುರಿ ಮೇಯಿಸುವವರು ಮುಳ್ಳಿನ ಭಯದಿಂದ ಮೀನಖಂಡದವರೆಗೆ ಇಳಿಬಿಡುವುದುಂಟು. ತೆಂಗಿನ ಮರ ಹತ್ತುವವರು ಮಾತ್ರ ಎಲ್ಲಿಯಾದರೂ ಕಚ್ಚೆಯನ್ನೋ ಚಡ್ಡಿಯನ್ನೋ ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ.

ಕುಣಿತಗಳಲ್ಲಿಯೂ ಇದೇ ನ್ಯಾಯ. ಮಂಡ್ಯ ಸೀಮೆಯ ಪೂಜಾ ಕುಣಿತದಲ್ಲಿ ದೇವತೆಯ ಪಟವನ್ನು ತಲೆಯ ಮೇಲೆ ಹೊತ್ತು ಗತ್ತಿನಿಂದ ಹೆಜ್ಜೆ ಹಾಕುವವನ ಕಾಲಿಗೆ ಬಟ್ಟೆ ತೊಡರಬಾರದು. ಆದುದರಿಂದ ಹೆಜ್ಜೆಯ ಬಿರುಸಿಗೆ ತಕ್ಕಂತೆ ಉಡುಪನ್ನು ಬಿಗಿಯಲಾಗುತ್ತದೆ.

ಮೇಲುಕೋಟೆಯ ಕಚ್ಚೆ

ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ಚೆಲುವನಾರಾಯಣಸ್ವಾಮಿಯ ಕ್ಷೇತ್ರ. ಶ್ರೀವೈಷ್ಣವ ಸಂಪ್ರದಾಯದ ಈ ಊರಿನಲ್ಲಿ ವಿವಾಹಿತರು ವೈದಿಕ ಕಾರ್ಯಗಳಿಗೆ ಪಂಚಕಚ್ಚೆ ಉಡುತ್ತಾರೆ. ಐದು ಕಡೆ ಸಿಕ್ಕಿಸುವುದರಿಂದ ಈ ಹೆಸರು. ಬ್ರಹ್ಮಚಾರಿಗಳಿಗೆ ಸುತ್ತಿ ಉಡುವ ಪಂಚೆಯೇ ರೂಢಿ. ಆದ್ದರಿಂದ ಉಟ್ಟ ಕ್ರಮದಿಂದಲೇ ವ್ಯಕ್ತಿಯ ಆಶ್ರಮ ತಿಳಿಯುತ್ತದೆ.

ಪಂಚಕಚ್ಚೆಗೆ ಸಾಮಾನ್ಯವಾಗಿ ‘ಒಂಬತ್ತು-ಐದು’ ಅಥವಾ ‘ಹತ್ತು-ಆರು’ ಎಂಬ ಜೋಡಿಯನ್ನು ಕೊಳ್ಳಲಾಗುತ್ತದೆ. ಮೊದಲ ಸಂಖ್ಯೆ ಪಂಚೆಯ ಮೊಳ, ಎರಡನೆಯದು ಉತ್ತರೀಯದ ಮೊಳ. ಒಂಬತ್ತು ಮೊಳವೆಂದರೆ ಸುಮಾರು 4.1 ಮೀಟರ್, ಹತ್ತು ಮೊಳವೆಂದರೆ ಸುಮಾರು 4.6 ಮೀಟರ್. ತೆಳುಕಾಯದವರಿಗೆ ಒಂಬತ್ತು ಧಾರಾಳ. ಸ್ಥೂಲಕಾಯದವರು ಹತ್ತನ್ನೇ ಕೊಳ್ಳುವುದು ಒಳ್ಳೆಯದು.

ಕಚ್ಚೆಯಲ್ಲಿ ಕಾಲಿನ ಮೇಲಿನ ಇಳಿತವನ್ನು ನಿರ್ಧರಿಸುವುದು ಸೊಂಟದ ಮಡಿಕೆಯಲ್ಲ, ಹಿಂದಕ್ಕೆ ಎಳೆದು ಸಿಕ್ಕಿಸುವ ನೆರಿಗೆ. ಅದನ್ನು ಬಿಗಿಯಾಗಿ ಎಳೆದಷ್ಟೂ ಅಂಚು ಮೇಲಕ್ಕೆ ಬರುತ್ತದೆ, ಸಡಿಲಿಸಿದರೆ ಕೆಳಗಿಳಿಯುತ್ತದೆ. ಎರಡೂ ಕಾಲುಗಳ ಇಳಿತ ಸಮನಾಗಿದೆಯೇ ಎಂಬುದನ್ನು ನಿಂತು ನೋಡಿದರೆ ಸಾಲದು. ಒಮ್ಮೆ ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದು ನೋಡಬೇಕು. ಕುಳಿತಾಗ ಹಿಂದಿನ ನೆರಿಗೆ ಎಳೆದುಕೊಂಡು ಅಂಚು ಮಂಡಿಯತ್ತ ಏರಿದರೆ ಬಿಗಿ ಹೆಚ್ಚಾಗಿದೆ ಎಂದರ್ಥ.

ಮೊದಲ ಸಲ ಉಡುವವರಿಗೆ

ಪ್ಯಾಂಟಿಗೆ ಒಗ್ಗಿದ ಕಾಲು ಪಂಚೆಗೆ ಒಗ್ಗಲು ಕೆಲವು ದಿನ ಹಿಡಿಯುತ್ತದೆ. ಮುಹೂರ್ತದ ದಿನವೇ ಹೊಸ ಪಂಚೆಯನ್ನು ಬಿಚ್ಚುವುದು ತೊಂದರೆಗೆ ದಾರಿ. ಗಂಜಿ ಹಾಕಿದ ಹೊಸ ಬಟ್ಟೆ ಸೊಂಟದಲ್ಲಿ ನಿಲ್ಲದೆ ಜಾರುತ್ತದೆ. ಒಮ್ಮೆ ಒಗೆದು, ಹತ್ತು ದಿನ ಮುಂಚಿನಿಂದ ಸಂಜೆಯ ಹೊತ್ತು ಮನೆಯಲ್ಲಿ ಉಟ್ಟು ಓಡಾಡಿದರೆ ಸಾಕು.

ಮೊದಮೊದಲು ಹರಡಿಗಿಂತ ನಾಲ್ಕು ಬೆರಳು ಮೇಲಿರುವಂತೆ ಉಟ್ಟು, ನಡಿಗೆ ಕುದುರಿದ ಮೇಲೆ ಇಳಿತವನ್ನು ಹೆಚ್ಚಿಸಬೇಕು. ಪಂಚೆಯಲ್ಲಿ ಪ್ಯಾಂಟಿನಷ್ಟು ಉದ್ದನೆಯ ಹೆಜ್ಜೆ ಸಾಧ್ಯವಿಲ್ಲ. ಮೆಟ್ಟಿಲು ಹತ್ತುವಾಗ ಮುಂದಿನ ಚುಂಗನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿಯಬೇಕು. ಮೇಲುಕೋಟೆಯ ಯೋಗಾನರಸಿಂಹಸ್ವಾಮಿ ಬೆಟ್ಟದಂತಹ ಕಡೆ ಮೆಟ್ಟಿಲುಗಳನ್ನು ಹತ್ತುವಾಗ ಮಂಡಿಯ ಮಟ್ಟಕ್ಕೆ ಕಟ್ಟಿ, ಬಾಗಿಲ ಬಳಿ ಇಳಿಬಿಡುವುದೇ ಸುಲಭ.

ಬಿಗಿಗೆ ಉಡಿದಾರ ಹಿಂದಿನ ಆಧಾರ. ಜೇಬುಳ್ಳ ಅಗಲವಾದ ಸೊಂಟಪಟ್ಟಿ ಇತ್ತೀಚಿನದು. ಅಂಟುಪಟ್ಟಿ ಹೊಲಿದ ಸಿದ್ಧ ಪಂಚೆಗಳೂ ಮಾರುಕಟ್ಟೆಯಲ್ಲಿವೆ. ಕಳಚುವ ಭಯ ಇವುಗಳಲ್ಲಿ ಕಡಿಮೆ. ಆದರೆ ಅಂಟುಪಟ್ಟಿ ಸೊಂಟದ ಮಟ್ಟದಲ್ಲಿಯೇ ನಿಲ್ಲಬೇಕಾಗಿರುವುದರಿಂದ, ಮಡಿಕೆಯಿಂದ ಇಳಿತವನ್ನು ಹೆಚ್ಚು ಕಡಿಮೆ ಮಾಡುವ ಅವಕಾಶ ಬಹುಮಟ್ಟಿಗೆ ತಪ್ಪುತ್ತದೆ. ಇಂಥದನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಉಟ್ಟು ನೋಡತಕ್ಕದ್ದು.

ದ್ವಿಚಕ್ರ ವಾಹನ ನಡೆಸುವವರು ಮತ್ತು ಹಿಂದೆ ಕುಳಿತುಕೊಳ್ಳುವವರು ಪಂಚೆಯನ್ನು ಎತ್ತಿ ಕಟ್ಟಿ, ಎರಡೂ ತುದಿಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಬೇಕು. ಗಾಳಿಗೆ ಹಾರುವ ಚುಂಗು ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಬೀಳುವುದು ಖಂಡಿತ.

ವಯಸ್ಸಾದವರ ಪಂಚೆ

ಹರೆಯದಲ್ಲಿ ಕೊಂಡ ಅಳತೆಯೇ ಮುಪ್ಪಿನಲ್ಲಿಯೂ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ವಯಸ್ಸಾದಂತೆ ಬೆನ್ನು ಬಾಗುತ್ತದೆ, ಎತ್ತರ ಕುಗ್ಗುತ್ತದೆ, ಸೊಂಟದ ಮಾಂಸ ಕರಗುತ್ತದೆ. ಪಂಚೆ ಮೊದಲಿನಷ್ಟೇ ಇರುತ್ತದೆ. ಪರಿಣಾಮವಾಗಿ ಅಂಚು ಮುಂದೆ ನೆಲಕ್ಕೆ ತಾಗುತ್ತದೆ, ಕಟ್ಟು ಸಡಿಲವಾಗುತ್ತದೆ. ರಾತ್ರಿಯ ಹೊತ್ತು ಬಚ್ಚಲಿಗೆ ಎದ್ದು ಹೋಗುವಾಗ ಈ ಚುಂಗನ್ನೇ ತುಳಿದು ಬೀಳುವ ಸಂಭವ ಹೆಚ್ಚು. ಮುಪ್ಪಿನಲ್ಲಿ ಬಿದ್ದು ತೊಡೆಯ ಸಂಧಿಯ ಮೂಳೆ ಮುರಿದರೆ ಮತ್ತೆ ನಡೆದಾಡುವುದು ಬಹಳ ಕಷ್ಟ.

ಇಂಥ ಹಿರಿಯರಿಗೆ ಪ್ಯಾಂಟು ತೊಡುವಂತೆ ಒತ್ತಾಯಿಸುವುದು ಪರಿಹಾರವಲ್ಲ. ಜೀವಮಾನವಿಡೀ ಉಟ್ಟದ್ದನ್ನು ಬಿಡಿಸಿದರೆ ಅವರು ಹೊರಗೆ ಹೋಗುವುದನ್ನೇ ನಿಲ್ಲಿಸಬಹುದು. ಕಡಿಮೆ ಪನ್ನದ ಪಂಚೆಯನ್ನು ಕೊಡಿಸುವುದು, ಇರುವ ಪಂಚೆಯ ಮೇಲಂಚನ್ನು ಒಂದು ಗೇಣು ಒಳಕ್ಕೆ ಮಡಿಸಿ ಹೊಲಿಸುವುದು, ಮನೆಯಲ್ಲಿ ಮೀನಖಂಡದ ಮಟ್ಟದ ಹೊಲಿದ ಲುಂಗಿ ಕೊಡುವುದು, ಸೊಂಟಪಟ್ಟಿ ಹಾಕಿಸುವುದು ಇವು ಸುಲಭವಾಗಿ ಮಾಡಬಹುದಾದ ಉಪಾಯಗಳು. ಕೈ ನಡುಗುವವರಿಗೆ ಅಂಟುಪಟ್ಟಿಯ ಪಂಚೆ ನಿಜಕ್ಕೂ ಅನುಕೂಲ. ಪಂಚೆಯ ಉದ್ದವನ್ನು ಮುಂದೆ, ಹಿಂದೆ ಎರಡೂ ಕಡೆ ನೋಡಬೇಕು. ಬೆನ್ನು ಬಾಗಿದವರಲ್ಲಿ ಹಿಂದೆ ಸರಿಯಾಗಿದ್ದರೂ ಮುಂದೆ ಇಳಿದಿರುತ್ತದೆ.

ಬಾಗಿಲಲ್ಲಿ ತಡೆದ ಪ್ರಸಂಗಗಳು

ಪಂಚೆ ಎಷ್ಟೇ ಸರಿಯಾಗಿ ಇಳಿದಿದ್ದರೂ ಅದನ್ನು ಉಟ್ಟ ಕಾರಣಕ್ಕೆ ತಡೆದ ಪ್ರಸಂಗಗಳು ನಡೆದಿವೆ. 2014ರ ಜುಲೈ 11ರಂದು ಚೆನ್ನೈನ ಕ್ಲಬ್ಬೊಂದರಲ್ಲಿ ಪುಸ್ತಕ ಬಿಡುಗಡೆಗೆ ಹೋಗಿದ್ದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂದಾಮನ್ ಅವರಿಗೆ ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲಾಯಿತು. ಅದೇ ವರ್ಷ ತಮಿಳುನಾಡು ವಿಧಾನಸಭೆ ಇಂತಹ ನಿರಾಕರಣೆಯನ್ನು ಶಿಕ್ಷಾರ್ಹಗೊಳಿಸುವ ಕಾಯ್ದೆಯನ್ನು ಅಂಗೀಕರಿಸಿತು. ತಪ್ಪಿತಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ, 25,000 ರೂಪಾಯಿವರೆಗೆ ದಂಡ ವಿಧಿಸಲು ಮತ್ತು ಪರವಾನಗಿ ರದ್ದುಪಡಿಸಲು ಅದರಲ್ಲಿ ಅವಕಾಶವಿದೆ. ಆಗ ಅಲ್ಲಿ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರು 1948ರಲ್ಲಿ ಜನಿಸಿದ್ದು ಇದೇ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ.

2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಹೋಗಿದ್ದ ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಬಾಗಿಲಲ್ಲಿಯೇ ತಡೆಯಲಾಯಿತು. ಪ್ರತಿಭಟನೆಗಳು ನಡೆದವು; ವಿಧಾನಮಂಡಲದಲ್ಲಿ ಚರ್ಚೆಯಾಯಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. 1996ರಲ್ಲಿ ಎಚ್.ಡಿ. ದೇವೇಗೌಡರು ಪಂಚೆ ಉಟ್ಟೇ ದೇಶದ ಪ್ರಧಾನಿಯಾದರು. ಸಿದ್ದರಾಮಯ್ಯನವರು ಪಂಚೆಯಲ್ಲಿಯೇ ವಿಧಾನಸೌಧದಲ್ಲಿ ಮುಖ್ಯಮಂತ್ರಿಯ ಅಧಿಕಾರ ನಡೆಸಿದರು. ಅಂತಹ ನಾಡಿನ ರಾಜಧಾನಿಯಲ್ಲಿ ನಡೆದ ಈ ಘಟನೆಯನ್ನು ಹಳ್ಳಿಗಾಡಿನವರು ತಮಗೇ ಆದ ಅವಮಾನವೆಂದು ತಿಳಿದರು.

ಮಗ್ಗ ಮತ್ತು ಆರೈಕೆ

ಮೇಲುಕೋಟೆ ಪುಳಿಯೋಗರೆಗೆ ಹೆಸರಾದಂತೆ ಕೈಮಗ್ಗದ ಪಂಚೆಗೂ ಹೆಸರಾದ ಊರು. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲವೂ ನೇಕಾರರ ಊರು. ಅಲ್ಲಿ ರೇಷ್ಮೆ ಸೀರೆಯ ನೇಯ್ಗೆ ಪ್ರಸಿದ್ಧ. 1985ರ ಕೈಮಗ್ಗ ಮೀಸಲು ಕಾಯ್ದೆಯ ಅಡಿಯಲ್ಲಿ ಕೈಮಗ್ಗಕ್ಕೆ ಮೀಸಲಾದ ವಸ್ತುಗಳ ಪಟ್ಟಿಯಲ್ಲಿ, ನಿರ್ದಿಷ್ಟ ಬಗೆಯ ಪಂಚೆ ಮತ್ತು ಲುಂಗಿಗಳೂ ಸೇರಿವೆ. ಕೈಮಗ್ಗದ ಬಟ್ಟೆಯನ್ನು ಗುರುತಿಸಲು 2006ರಲ್ಲಿ ಆರಂಭವಾದ ಕೈಮಗ್ಗ ಮುದ್ರೆಯನ್ನು ನೋಡಿ ಕೊಳ್ಳಬಹುದು. ನೇಕಾರರಿಂದಲೇ ನೇರವಾಗಿ ಕೊಳ್ಳುವವರಿಗೆ ಒಂದು ಅನುಕೂಲವಿದೆ: ತೀರ ಎತ್ತರದವರು ಅಥವಾ ಕುಳ್ಳಗಿನವರು ತಮಗೆ ಬೇಕಾದ ಪನ್ನದ ಬಗ್ಗೆ ಮೊದಲೇ ವಿಚಾರಿಸಬಹುದು.

ಬಿಳಿಯ ಪಂಚೆಯನ್ನು ಬಣ್ಣದ ಬಟ್ಟೆಗಳ ಜೊತೆ ನೆನೆಸಬಾರದು. ಜರಿ ಅಂಚಿದ್ದರೆ ಬಲವಾಗಿ ಉಜ್ಜಬಾರದು. ಗಂಜಿ ತೆಳುವಾಗಿರಲಿ, ದಪ್ಪ ಗಂಜಿಯ ಪಂಚೆ ಕಾಲಿನ ಸುತ್ತ ಬುಟ್ಟಿಯಂತೆ ಉಬ್ಬಿ ನಿಂತು, ಇರುವುದಕ್ಕಿಂತ ಗಿಡ್ಡವಾಗಿ ಕಾಣುತ್ತದೆ. ಕೆಳ ಅಂಚು ಸವೆದರೆ ಪಂಚೆಯನ್ನು ತಲೆಕೆಳಗು ಮಾಡಿ ಉಟ್ಟರಾಯಿತು. ಎರಡೂ ಅಂಚು ಒಂದೇ ಆಗಿರುವುದರಿಂದ ಮೇಲಿನದು ಕೆಳಗೆ ಬಂದು ಬಟ್ಟೆಯ ಆಯುಷ್ಯ ಹೆಚ್ಚುತ್ತದೆ.

ಜಗತ್ತಿನಲ್ಲಿ ಗಂಡಸರು ಸೊಂಟದಿಂದ ಇಳಿಬಿಡುವ ಉಡುಪು ಧರಿಸುವುದು ಈ ಸೀಮೆಯ ವಿಶೇಷವೇನಲ್ಲ. ಮ್ಯಾನ್ಮಾರಿನ ಲೌಂಜಿ ಹರಡಿನವರೆಗೆ ಇಳಿಯುತ್ತದೆ. ಸ್ಕಾಟ್ಲೆಂಡಿನ ಕಿಲ್ಟ್ ಮಂಡಿಯ ಮಟ್ಟದಲ್ಲಿ ನಿಲ್ಲುತ್ತದೆ. ಆದರೆ ಕಿಲ್ಟಿನ ಉದ್ದವನ್ನು ಹೊಲಿಯುವಾಗಲೇ ಅಳೆದು ನಿಗದಿ ಮಾಡಲಾಗುತ್ತದೆ. ಹೊಲಿಗೆಯಿಲ್ಲದ ಪಂಚೆಗೆ ಅಂತಹ ನಿಗದಿಯಿಲ್ಲ. ಕೆಸರಿಗೆ ಒಂದು ಎತ್ತರ, ಸಂತೆಗೆ ಒಂದು, ಸಭೆಗೆ ಒಂದು. ಒಂದೇ ಬಟ್ಟೆಯಲ್ಲಿ ಇವೆಲ್ಲವನ್ನೂ ಸಾಧಿಸುವ ಬಗೆ ಉಟ್ಟವನ ಕೈಯಲ್ಲಿದೆ. ಅದನ್ನು ಕಲಿಯಲು ಮನೆಯ ಹಿರಿಯರೊಬ್ಬರ ಮುಂದೆ ಒಂದು ಸಂಜೆ ಪಂಚೆ ಹಿಡಿದು ನಿಂತರೆ ಸಾಕು. ಹಾಗೆ ಕಲಿಸಬಲ್ಲವರು ಈ ನಾಲ್ಕು ತಾಲ್ಲೂಕುಗಳ ಬಹುತೇಕ ಎಲ್ಲ ಊರುಗಳಲ್ಲಿಯೂ ಇನ್ನೂ ಇದ್ದಾರೆ.